ಎಡಗಡೆಯ ಚೀಲದ ಕರಡಿಗೆ

ಒಂಟೆಗೂ ಕುರಿಗೂ ಹುಟ್ಟಿದಂತಿರುವ ಪ್ರಾಣಿಯ ಬೆನ್ನ ಮೇಲೆ ಜೋಳದ ರೊಟ್ಟಿಯ ಗಂಟು ಹೇರಿಕೊಂಡು ನಾರ್ತ್ ಕ್ಯಾರೊಲಿನಾದ ಗುಡ್ಡ ಹತ್ತುವ ದಿನ ತನ್ನ ಬಾಳಿನಲ್ಲಿ ಬರುತ್ತದೆಂದು ವಿಜಯಶ್ರೀ ಕನಸಿನಲ್ಲೂ ಎಣಿಸಿರಲಿಲ್ಲ. ಎಲ್ಲ ಮಗಳು ಸುರಭಿಯ ಉಪದ್ವ್ಯಾಪ. ಬೈಲಹೊಂಗಲದಿಂದ ಅಜ್ಜಿ ಬಂದಿದ್ದಾಳೆ, ಆಕೆಗೆ ಮಾಲು, ಮ್ಯೂಸಿಯಂ, ಮತ್ತೆ ಮಾಲು ತೋರಿಸಿ ವಿಮಾನ ಹತ್ತಿಸಿಬಿಡುವುದೇನು ಚಂದ ಎಂದು ಆ ಕಾಲೇಜು ಹುಡುಗಿ ಹಟ ಹಿಡಿದಳು. ಹೇಗೂ ಜುಲೈ ತಿಂಗಳಲ್ಲಿ ಕ್ಲಾರ್ಕ್ಸ್‌ಬರ್ಗಿನಿಂದ ಅಟ್ಲಾಂಟಾದವರೆಗೆ ಕಾರಿನಲ್ಲಿ ಹೋಗುವುದಿತ್ತು. ದಾರಿಯಲ್ಲಿ ಒಂದು ದಿನ ಕ್ಯಾರಿಯಲ್ಲಿ ನೆಂಟರ ಮನೆ, ಆಮೇಲೆ ಎರಡು ದಿನ ಗುಡ್ಡದ ಮೇಲೆ ಟೆಂಟು. ಸಾಮಾನನ್ನು ಲಾಮಾ ಹೊರುತ್ತದೆ, ಮನುಷ್ಯರು ಕೈಬೀಸಿಕೊಂಡು ನಡೆಯುತ್ತಾರೆ.

“ಅಜ್ಜಿಗೂ ಈಜಿ ಮಮ್ಮಿ, ಒಂದೇ ಮೈಲ್. ಶೀ ವಿಲ್ ಲವ್ ಇಟ್,” ಅಂದಿದ್ದಳು ಸುರಭಿ.

ವಿಜಯಶ್ರೀಗೆ ಲಾಮಾ ಬೇಡವಾಗಿತ್ತು, ಟೆಂಟೂ ಬೇಡವಾಗಿತ್ತು. ಅತ್ತೆಯ ಜೊತೆ ಒಂದೇ ಟೆಂಟಿನಲ್ಲಿ ಇರುವುದಂತೂ ಸುತರಾಂ ಬೇಡವಾಗಿತ್ತು. ಯಾಕೆಂದರೆ ಅವಳ ಕೊರಳಲ್ಲಿ ತೂಗುತ್ತಿದ್ದ ಬೆಳ್ಳಿಯ ಕರಡಿಗೆಯೊಳಗೆ ಇಷ್ಟಲಿಂಗವೇ ಇರಲಿಲ್ಲ. ಪೊಟೊಮ್ಯಾಕ್ ಹೊಳೆಯ ದಂಡೆಯಲ್ಲಿ ಆರಿಸಿ ತಂದ ಒಂದು ಗುಂಡಗಿನ ಕಲ್ಲಿತ್ತು.

ಕೇಳಿದವರು ಕಿವಿ ಮುಚ್ಚಿಕೊಳ್ಳುವಂಥ ಮಾತು, ನಿಜ. ಆದರೆ ಆದದ್ದು ಹೀಗೆ. ವಿಜಯಶ್ರೀ ಒಂದು ಆಸ್ಪತ್ರೆಯ ಎಂಆರ್‌ಐ ಕೋಣೆಯಲ್ಲಿ ಕೆಲಸ ಮಾಡುವವಳು. ಅಲ್ಲಿ ಮೈಮೇಲೆ ಗುಂಡುಸೂಜಿ ಕೂಡ ಇರುವ ಹಾಗಿಲ್ಲ. ಮೊದಮೊದಲು ಕರಡಿಗೆಯನ್ನು ಮನೆಯಲ್ಲಿಟ್ಟು, ಲಿಂಗವನ್ನಷ್ಟೇ ಬಟ್ಟೆಯಲ್ಲಿ ಸುತ್ತಿ ಜೊತೆಗೊಯ್ದು ಲಾಕರಿನಲ್ಲಿಡುತ್ತಿದ್ದಳು. ಬರಬರುತ್ತ ಅದು ಲಾಕರಿನಲ್ಲೇ ಉಳಿಯಿತು. ಎರಡು ಸಾವಿರದ ಇಪ್ಪತ್ತರ ವಸಂತದಲ್ಲಿ ಕೋವಿಡ್ ಬಂದು ಆ ವಿಭಾಗವನ್ನೇ ವಾರ್ಡು ಮಾಡಿದರು, ಲಾಕರುಗಳನ್ನೆಲ್ಲ ಖಾಲಿ ಮಾಡಿ ಒಗೆದರು. ಅವಳು ಹುಡುಕಿದಳು, ಕೇಳಿದಳು, ಕಾರಿನಲ್ಲಿ ಕೂತು ಅತ್ತಳು. ಯಾರಿಗೂ ಹೇಳಲಿಲ್ಲ. ಗಂಡ ಅಮೃತನಿಗೂ ಹೇಳಲಿಲ್ಲ. ಈ ದೇಶದಲ್ಲಿ ಲಿಂಗ ದೇವರ ಮಾಡದಲ್ಲಿರುತ್ತದೆ, ಅವರವರಿಗೆ ಬಿಡುವಾದಾಗ ಅವರವರು ಪೂಜೆ ಮಾಡಿಕೊಳ್ಳುತ್ತಾರೆ ಎಂಬ ತಿಳಿವಳಿಕೆಯ ಮೇಲೆ ಆ ಮನೆ ನಡೆದಿತ್ತು.

ಅತ್ತೆ ಬಸವ್ವ ಬರುತ್ತಾಳೆ ಎಂದಾಗ ಅವಳು ಮನೆಯಲ್ಲಿದ್ದ ಖಾಲಿ ಕರಡಿಗೆಯನ್ನು ಹುಡುಕಿ ತೆಗೆದಳು. ಬಸವ್ವ ಎಪ್ಪತ್ತೆಂಟರಲ್ಲೂ ಗಟ್ಟಿ ಹೆಂಗಸು. ಎಂಟನೇ ವಯಸ್ಸಿನಲ್ಲಿ ಕೊರಳಿಗೆ ಬಿದ್ದ ಲಿಂಗ ದಾರ ಬದಲಿಸುವ ಹೊತ್ತು ಬಿಟ್ಟರೆ ಒಂದು ಕ್ಷಣ ಮೈಬಿಟ್ಟದ್ದು ಗೊತ್ತಿಲ್ಲದವಳು. ಮುಂಜಾನೆ ಒಮ್ಮೆ, ಸಂಜೆ ಒಮ್ಮೆ ಪೂಜೆ. ಅದಾಗುವವರೆಗೆ ಬಾಯಿಗೆ ನೀರೂ ಇಲ್ಲ. ಸೊಸೆಯ ಮದುವೆಯಲ್ಲಿ ತನ್ನದರಂಥದ್ದೇ ಕರಡಿಗೆಯನ್ನು ತನ್ನ ಅಕ್ಕಸಾಲಿಗನಿಂದಲೇ ಮಾಡಿಸಿ ಹಾಕಿದ್ದಳು. ಎರಡನ್ನೂ ಪಕ್ಕಪಕ್ಕ ಇಟ್ಟರೆ ಅಕ್ಕಸಾಲಿಗನೇ ಗುರುತಿಸಲಾರ. ಆ ಕರಡಿಗೆ ಖಾಲಿಯಿದ್ದರೆ ಹಗುರಾಗಿ ಕಾಣುತ್ತದೆ, ಅತ್ತೆ ಮುಟ್ಟಿದರೆ ಗೊತ್ತಾಗುತ್ತದೆ ಎಂದು ವಿಜಯಶ್ರೀ ಕಲ್ಲು ಹಾಕಿಕೊಂಡಳು. ಮಾರ್ಚ್‌ನಿಂದ ಜುಲೈವರೆಗೆ “ನಂದು ಡ್ಯೂಟಿಗೆ ಹೋಗೂ ಮೊದಲ ಆಗೇದ ಅತ್ಯಾ” ಎಂದು ಹೇಳಿಕೊಂಡು ಬಂದಳು.

ಅಟ್ಲಾಂಟಾಕ್ಕೆ ಹೊರಟದ್ದಾದರೂ ಯಾತಕ್ಕೆ? ಅಮೃತನ ತಂಗಿ ಶ್ರೀಲತಾಳ ಮಗಳು ಅಮೂಲ್ಯಾಳ ಲಿಂಗದೀಕ್ಷೆಗೆ! ಊರಿಂದ ಮಠದ ಸ್ವಾಮಿಗಳು, ಅಜ್ಜಾರು, ಬಂದಿದ್ದರು. ಸೋದರಮಾವನ ಹೆಂಡತಿ, ಅಂದರೆ ಸೋದರತ್ತೆಯಾಗಿ ಆ ಹುಡುಗಿಯ ಕೊರಳಿಗೆ ಹೊಸ ಕರಡಿಗೆ ಕಟ್ಟುವ ಮಾನ ಬೇರೆ ಯಾರದೂ ಅಲ್ಲ, ವಿಜಯಶ್ರೀಯದೇ. ಎದೆಯ ಮೇಲೆ ಕಲ್ಲಿಟ್ಟುಕೊಂಡು ಮಗುವಿಗೆ ಲಿಂಗ ಕಟ್ಟುವುದು ಹೇಗಪ್ಪಾ ಎಂದು ಅವಳಿಗೆ ಹಗಲೂ ರಾತ್ರಿಯೂ ಅದೇ ಚಿಂತೆಯಾಗಿತ್ತು.

ಕ್ಯಾರಿಯಲ್ಲಿ ಅಮೃತನ ದೊಡ್ಡಪ್ಪನ ಮಗ ರವಿಕಿರಣನ ಮನೆಯಲ್ಲಿ ಮಂದಿಯೋ ಮಂದಿ. ಷಾರ್ಲೆಟ್ಟಿನಿಂದ ಅಣ್ಣಾಸಾಹೇಬ ಕಾಕಾ ಕೂಡ ಬಂದಿದ್ದರು. ಅಮೃತನ ತಂದೆಯ ತಮ್ಮ, ಸಾವಿರದೊಂಬೈನೂರ ಎಪ್ಪತ್ತೆರಡರಲ್ಲಿ ಈ ದೇಶಕ್ಕೆ ಬಂದ ಹೃದಯದ ಡಾಕ್ಟರು. ಸಮಾಜದ ಸಭೆಯಲ್ಲಿ ವರ್ಷವೂ ಧರ್ಮದ ಮೇಲೆ ಭಾಷಣ ಅವರದೇ. ಜುಲೈ ಸೆಕೆಯಲ್ಲೂ ಅಂಗಿಯ ಮೇಲಿನ ಗುಂಡಿ ಬಿಚ್ಚಿದವರಲ್ಲ.

ಬೆಳಿಗ್ಗೆ ಹೊರಡುವ ಹೊತ್ತಿಗೆ ಬಸವ್ವ ಪೂಜೆ ಮುಗಿಸಿ ಬಂದು ಕರಡಿಗೆಯ ದಾರ ತೋರಿಸಿದಳು. “ಎಳಿ ಎಳಿ ಬಿಡಾಕತ್ತೈತಿ ನೋಡವ್ವ. ನನಗ ಗಂಟು ಕಾಣಂಗಿಲ್ಲ. ನಿಂದೂ ಹಳೇದಾಗೇತಿ, ಎರಡಕ್ಕೂ ಹೊಸಾ ದಾರ ಹಾಕಿಬಿಡು. ನಾ ಇಲ್ಲೇ ಕುಂದರ್ತೀನಿ.”

ವಿಜಯಶ್ರೀ ಊಟದ ಮೇಜಿನ ಮೇಲೆ ಎರಡನ್ನೂ ಇಟ್ಟುಕೊಂಡು ದಾರ ಪೋಣಿಸತೊಡಗಿದಳು. ಎದುರಿಗೆ ಕಾಕಾ ಚಹಾದ ಕಪ್ಪು ಹಿಡಿದು ಶುರು ಮಾಡಿದರು.

“ವಿಜಯಶ್ರೀ, ಈಗಿನ ಹುಡುಗರು ಲಿಂಗಾನ ಶೋಕೇಸಿನ್ಯಾಗ ಇಡತಾರ. ಏನಿದು? ಲಿಂಗ ಅಂದ್ರ ಪ್ರಾಣ. ಪ್ರಾಣ ಯಾರರೆ ತಗದು ಕಪಾಟಿನ್ಯಾಗ ಇಡತಾರೇನು?”

ಅವಳು ಕರಡಿಗೆಗಳ ಮೇಲಿನ ಕಣ್ಣು ತೆಗೆದು ಕಾಕಾರ ಮುಖ ನೋಡಿದಳು. ಹೂಂ ಕಾಕಾ, ಹೌದ್ರಿ ಕಾಕಾ ಎನ್ನುತ್ತ ಗಂಟು ಹಾಕಿದಳು. ಒಂದನ್ನು ಅತ್ತೆಯ ಕೊರಳಿಗೆ ಹಾಕಿ, ಇನ್ನೊಂದನ್ನು ತಾನು ಹಾಕಿಕೊಂಡು, ಬದುಕಿದೆಯಾ ಬಡಜೀವವೇ ಎಂದು ಕಾರು ಹತ್ತಿದಳು.

ಮಧ್ಯಾಹ್ನದ ಹೊತ್ತಿಗೆ ಗುಡ್ಡದ ಬುಡ ಮುಟ್ಟಿದರು. ಲಾಮಾಗಳ ಒಡತಿ ಮಾರ್ಗೀ ಬಿಳಿಗೂದಲಿನ ಎತ್ತರದ ಹೆಂಗಸು. ಲಾಮಾದ ಹೆಸರು ವಾಲ್ಟರ್. ಬಸವ್ವ ಅದರ ಉದ್ದನೆಯ ಕತ್ತು, ಅರೆಮುಚ್ಚಿದ ಕಣ್ಣು, ಯಾರನ್ನೂ ಲೆಕ್ಕಕ್ಕೆ ತಗೊಳ್ಳದ ಮೋರೆ ನೋಡಿ ಮೂಗಿನ ಮೇಲೆ ಬೆರಳಿಟ್ಟಳು.

“ನಮ್ಮೂರ ಗೌಡನಂಗ ಅದಾನಲ್ಲೇ ಇವಾ! ವಾಲ್ಟಪ್ಪಾ, ನನ್ನ ರೊಟ್ಟಿ ಜ್ವಾಕಿ ಒಯ್ಯಪ್ಪಾ!” ಅಂದಳು. ಸುರಭಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಬಸವ್ವ ಲಾಯದ ನೆರಳಿನ ಕುರ್ಚಿಯಲ್ಲಿ ಕೂತು ಜೋಂಪು ಹೋದಳು.

ಲಾಮಾದ ಎರಡು ಮಗ್ಗುಲಿಗೆ ಎರಡು ಚೀಲ. ಎರಡೂ ಸಮತೂಕ ಇರಬೇಕು, ಒಂದು ಕಡೆ ಜಗ್ಗಿದರೆ ಪ್ರಾಣಿ ಅಲ್ಲೇ ಕೂತುಬಿಡುತ್ತದೆ ಎಂದು ಮಾರ್ಗೀ ತಿಳಿಸಿದಳು. ಕೈತಕ್ಕಡಿಯಲ್ಲಿ ಚೀಲ ತೂಗುತ್ತ, ಕಡಿಮೆಯಾದ ಕಡೆಗೆ ಬುಟ್ಟಿಯಿಂದ ಸಣ್ಣ ಸಣ್ಣ ಕಲ್ಲು ಹಾಕುತ್ತಿದ್ದಳು. ಎಡಗಡೆಯದು ಒಂದು ಚೂರು ಕಡಿಮೆಯಿತ್ತು. ವಿಜಯಶ್ರೀಗೆ ಸೆಕೆಯಲ್ಲಿ ಎದೆಯ ಮೇಲಿನ ಭಾರ ಸಾಕಾಗಿತ್ತು. ಹೇಗೂ ಒಳಗಿರುವುದು ಹೊಳೆಯ ಕಲ್ಲು. ಅತ್ತೆಯ ಕಣ್ಣು ಮುಚ್ಚಿರುವುದನ್ನು ನೋಡಿ, ಕರಡಿಗೆ ತೆಗೆದು ಎಡಗಡೆಯ ಚೀಲದ ಹೊರಜೇಬಿಗೆ ಸರಿಸಿದಳು. ಮುಳ್ಳು ನೆಟ್ಟಗೆ ನಿಂತಿತು.

“ಪರ್ಫೆಕ್ಟ್,” ಅಂದಳು ಮಾರ್ಗೀ. ಸುಳ್ಳಿನ ಕಲ್ಲಿಗೂ ಒಂದು ಉಪಯೋಗವಾಯಿತಲ್ಲ ಎಂದು ವಿಜಯಶ್ರೀಗೆ ನಗು ಬಂತು. ಪಾಪ, ಆಗ ನಕ್ಕದ್ದೇ ಕೊನೆ.

ಬಸವ್ವ ಕೋಲೂರಿಕೊಂಡು ಎಲ್ಲರಿಗಿಂತ ಮುಂದೆ ಗುಡ್ಡ ಹತ್ತಿದಳು. ಹಳ್ಳದ ಪಕ್ಕದ ಬಯಲಿನಲ್ಲಿ ಟೆಂಟು ಎದ್ದವು. ಬಸವ್ವನ ಅಡುಗೆಯ ಸಾಮಾನು ಒಂದೇ ಹೇರಿಗೆ ಹೊರುವಷ್ಟಿರಲಿಲ್ಲ. ಉಳಿದದ್ದನ್ನು ತರಲು ಮಾರ್ಗೀ ವಾಲ್ಟರನ ಚೀಲ ಬರಿದು ಮಾಡಿ, ಹೊರಜೇಬು ಹಾಗೇ ಬಿಟ್ಟು, ಅವನನ್ನು ಹಿಡಿದುಕೊಂಡು ಮತ್ತೆ ಕೆಳಗಿಳಿದಳು. ಬಿಸಿಲು ಇನ್ನೂ ಇತ್ತು. ಬಸವ್ವ ಹಳ್ಳದಲ್ಲಿ ಕೈಕಾಲು ಮುಖ ತೊಳೆದು, ವಿಭೂತಿ ಹಚ್ಚಿಕೊಂಡು, ಕಂಬಳಿಯ ಮೇಲೆ ಪೂಜೆಗೆ ಕೂತಳು.

ಕರಡಿಗೆ ತೆರೆದಳು. ಅದರೊಳಗಿನ ಬಟ್ಟೆಯ ಸುತ್ತು ಬಿಚ್ಚಿದಳು. ಆಮೇಲೆ ಆ ಬಯಲಿನಲ್ಲಿ ಎದ್ದ ಕೂಗಿಗೆ ಮರದ ಮೇಲಿನ ಹಕ್ಕಿಗಳೆಲ್ಲ ಹಾರಿಹೋದವು.

“ಅಮೃತಾ! ಇದು ನನ್ನ ಲಿಂಗಪ್ಪ ಅಲ್ಲೋ! ಇದು ಕಲ್ಲೋ, ಬರೇ ಕಲ್ಲು!”

ಅಮೃತ ಟೆಂಟಿನ ಹಗ್ಗ ಬಿಟ್ಟು ಓಡಿಬಂದ. ಸುರಭಿ ಓಡಿಬಂದಳು. ವಿಜಯಶ್ರೀ ಓಡಿಬರಲಿಲ್ಲ. ಅತ್ತೆಯ ಅಂಗೈಯಲ್ಲಿದ್ದ ಕಲ್ಲನ್ನು ಅವಳು ಅಷ್ಟು ದೂರದಿಂದಲೇ ಗುರುತಿಸಿದಳು. ನಡುವೆ ಒಂದು ಬಿಳಿ ಗೆರೆಯಿದ್ದ ಕಂದು ಕಲ್ಲು. ಕ್ಯಾರಿಯ ಮೇಜು ಕಣ್ಣ ಮುಂದೆ ಬಂತು. ತನ್ನ ಕೈಯಾರೆ ಅದಲುಬದಲು ಮಾಡಿದ್ದೇನೆ. ಅಯ್ಯೋ, ಅತ್ತೆಯ ಲಿಂಗ ವಾಲ್ಟರನ ಎಡಗಡೆಯ ಚೀಲದಲ್ಲಿದೆ! ಕತ್ತೆಯಂಥ ಪ್ರಾಣಿಯ ಹೊಟ್ಟೆಗೆ ಬಡಿಯುತ್ತ ಗುಡ್ಡ ಇಳಿಯುತ್ತಿದೆ!

ಬಸವ್ವ ಅಳಲಿಲ್ಲ. ಅದೇ ಹೆಚ್ಚು ಹೆದರಿಸಿತು. “ಲಿಂಗ ಮೈ ಬಿಟ್ಟು ಹೋತಂದ್ರ ಜೀವಾ ಹೋದಂಗ. ಸಿಗೂತನಕ ಒಂದು ಹನಿ ನೀರು ನನ್ನ ಗಂಟಲದಾಗ ಇಳಿಯಂಗಿಲ್ಲ,” ಅಂದು ಕಂಬಳಿಯ ಮೇಲೆ ಕಣ್ಣು ಮುಚ್ಚಿ ಕೂತಳು.

“ಅಜ್ಜಿ ಪ್ಲೀಸ್, ಶುಗರ್ ಲೋ ಆಗತ್ತೆ. ನೀರು ಕುಡೀರಿ,” ಸುರಭಿ ಬಾಟಲಿ ಹಿಡಿದು ಗೋಗರೆದಳು. ಬಸವ್ವ ಮುಖ ತಿರುಗಿಸಿದಳು. ಗುಡ್ಡ ಹತ್ತಿದ ಸುಸ್ತು, ಸಕ್ಕರೆ ಕಾಯಿಲೆ, ಮಧ್ಯಾಹ್ನ ತಿಂದದ್ದು ಅರ್ಧ ರೊಟ್ಟಿ. ತುಟಿ ಆಗಲೇ ಒಣಗುತ್ತಿತ್ತು. ಫೋನಿಗೆ ಸಿಗ್ನಲ್ ಇರಲಿಲ್ಲ.

ಅಮೃತ ಕೆಂಡಾಮಂಡಲವಾದ. “ಆ ಹೆಂಗಸಿನ ಕೆಲಸನ ಇದು! ಬುಟ್ಟಿ ತುಂಬ ಕಲ್ಲು ಇಟಗೊಂಡಿದ್ಲಲ್ಲ, ನೋಡಲಿಲ್ಲೇನು? ಅವ್ವ ನಿದ್ದಿ ಮಾಡೂ ಮುಂದ ತಗದು ಕಲ್ಲು ಹಾಕ್ಯಾಳ!”

“ಪಪ್ಪಾ, ದಟ್ ಮೇಕ್ಸ್ ನೋ ಸೆನ್ಸ್. ಸಿಲ್ವರ್ ಬಿಟ್ಟು ಒಳಗಿರೋದು ಯಾಕೆ ತಗೋತಾಳೆ?”

“ಯಾವುದೋ ಬೆಲೆಬಾಳೂ ಹರಳು ಅಂತ ತಿಳಕೊಂಡಿರಬೇಕು. ನೀ ಸುಮ್ಮನಿರು!” ಅವನು ತನ್ನ ಎದೆಯ ಮೇಲಿನ ಕರಡಿಗೆಯನ್ನು ಮುಟ್ಟಿ ಹೇಳಿದ, “ಇದರ ಬೆಲಿ ಅಕಿಗೇನು ಗೊತ್ತು? ಬರಲಿ, ಇವತ್ತ ಬಿಡೂದಿಲ್ಲ.”

ವಿಜಯಶ್ರೀ ಲೆಕ್ಕ ಹಾಕಿದಳು. ಒಂದು ಮಾತು ಹೇಳಿದರೆ ಅತ್ತೆಗೆ ಈಗಲೇ ಸಮಾಧಾನವಾಗುತ್ತದೆ, ಆದರೆ ಆ ಕಲ್ಲು ಯಾರದು ಎಂದು ಕೇಳದೆ ಇರುತ್ತಾಳೆಯೇ? “ನಾ ಹಾದ್ಯಾಗ ಹುಡಕಿ ಬರತೀನಿ,” ಎಂದಷ್ಟೇ ಹೇಳಿ ಕೆಳಗೆ ಓಡಿದಳು. ಓಡುತ್ತಲೇ ಸುಳ್ಳನ್ನು ಹೊಂದಿಸಿಕೊಂಡಳು. ಚೀಲದಿಂದ ತೆಗೆದುಕೊಳ್ಳುವುದು, ಮುಷ್ಟಿಯಲ್ಲಿ ಮುಚ್ಚಿಕೊಳ್ಳುವುದು, ಹಾದಿಯಲ್ಲಿ ಬಿದ್ದಿತ್ತು ಅತ್ಯಾ ಅನ್ನುವುದು. ಕಲ್ಲು ಒಳಗೆ ಹೇಗೆ ಬಂತು ಎಂದು ಕೇಳಿದರೆ ಶಿವನೇ ಬಲ್ಲ ಅಂದರಾಯಿತು!

ಎಷ್ಟು ಹೊತ್ತು ಹಾದಿಯ ಒಂದು ತಿರುವಿನಲ್ಲಿ ಕಾದಳೋ. ಕೊನೆಗೆ ಹೇರು ಹೊತ್ತ ವಾಲ್ಟರ್ ತನ್ನ ಗೌಡಿಕೆಯ ನಡೆಯಲ್ಲಿ ಮೇಲೆ ಬಂದ. ವಿಜಯಶ್ರೀ ಒಂದೇ ಜಿಗಿತಕ್ಕೆ ಅವನ ಎಡಮಗ್ಗುಲಿಗೆ ಕೈ ಹಾಕಿದಳು. ಬೆದರಿದ ವಾಲ್ಟರ್ ಕಿವಿ ಹಿಂದಕ್ಕೆ ಮಡಿಸಿ, ಕತ್ತೆತ್ತಿ, ಅವಳ ಮುಖದ ತುಂಬ ಥೂ ಎಂದು ಉಗುಳಿದ. ಹಸಿರು ಬಣ್ಣ, ಹುಳಿನಾತ. ಮಾರ್ಗೀ ಸಾರಿ ಸಾರಿ ಎನ್ನುತ್ತಿದ್ದರೂ ಅವಳು ಲೆಕ್ಕಿಸದೆ ಜೇಬು ತಡಕಿದಳು. ಕರಡಿಗೆ ಇತ್ತು. ತೆರೆದು ನೋಡಿದಳು. ಎಪ್ಪತ್ತು ವರ್ಷ ಅತ್ತೆಯ ಅಂಗೈಯಲ್ಲಿ ಕೂತು ನುಣುಪಾದ ಲಿಂಗ ಕಪ್ಪಗೆ ಹೊಳೆಯಿತು. ಜೀವ ಬಂದಂತಾಯಿತು. ಮುಖ ಒರೆಸಿಕೊಳ್ಳುವುದನ್ನೂ ಮರೆತು ಮುಷ್ಟಿ ಬಿಗಿದು ಮೇಲೆ ಓಡಿದಳು.

ಆದರೆ ಮಾರ್ಗೀಯ ಉದ್ದನೆಯ ಕಾಲುಗಳು ಅವಳ ಬೆನ್ನಿಗೇ ಬಂದವು. ವಿಜಯಶ್ರೀ ಬಾಯಿ ತೆರೆಯುವ ಮೊದಲೇ ಅಮೃತ ಮಾರ್ಗೀಯನ್ನು ತಡೆದು ನಿಲ್ಲಿಸಿ ಇಂಗ್ಲಿಷಿನಲ್ಲಿ ಹರಿಹಾಯ್ದ. ನನ್ನ ತಾಯಿಯ ದೇವರನ್ನು ಕದ್ದು ನಿನ್ನ ತೂಕದ ಕಲ್ಲು ಹಾಕಿದ್ದೀ, ಎಲ್ಲಿಟ್ಟಿದ್ದೀ ಹೇಳು ಎಂದು ಕೂಗಾಡಿದ.

ಮಾರ್ಗೀಯ ಮುಖ ಸುಣ್ಣದಂತಾಯಿತು. ಅವಳು ಜಗಳಕ್ಕೆ ನಿಲ್ಲಲಿಲ್ಲ. ಟೋಪಿ ತೆಗೆದಳು. ಒಂದೊಂದಾಗಿ ತನ್ನ ಜೇಬುಗಳನ್ನು ಹುಲ್ಲಿನ ಮೇಲೆ ಬರಿದು ಮಾಡತೊಡಗಿದಳು. ಚಾಕು, ಹಗ್ಗದ ತುಂಡು, ಲಾಮಾಕ್ಕೆ ಕೊಡುವ ಗಜ್ಜರಿ. ಜೇಬಿನ ಅಸ್ತರನ್ನೂ ಹೊರಗೆಳೆದು ತೋರಿಸಿದಳು.

ವಿಜಯಶ್ರೀಗೆ ತಡೆಯಲಾಗಲಿಲ್ಲ.

“ಅಕಿ ಅಲ್ರಿ! ಆ ಕಲ್ಲು ನಂದು,” ಅಂದಳು.

ಎಲ್ಲರೂ ತಿರುಗಿ ನೋಡಿದರು. ಮುಖದ ತುಂಬ ಲಾಮಾದ ಉಗುಳು, ಕೈಯಲ್ಲಿ ಬೆಳ್ಳಿಯ ಕರಡಿಗೆ. ಅವಳು ಹೋಗಿ ಅತ್ತೆಯ ಮುಂದೆ ಮಂಡಿಯೂರಿ ಅದನ್ನು ಅಂಗೈಯಲ್ಲಿಟ್ಟಳು. ಬಸವ್ವ ತೆರೆದಳು, ಕಣ್ಣಿಗೊತ್ತಿಕೊಂಡಳು. ಆಮೇಲೆ ಸೊಸೆಯ ಬರಿಗೊರಳನ್ನು ನೋಡಿದಳು.

“ನಿಂದೆಲ್ಲಿ?”

“ಇಲ್ರಿ ಅತ್ಯಾ.”

“ಇಲ್ಲ ಅಂದ್ರ?”

“ಕಳೀತ್ರಿ. ಮೂರು ವರ್ಷ ಆತು.”

ಬಸವ್ವನ ಕಣ್ಣು ಅಗಲವಾದವು. ಬೈಗುಳ ಬರುತ್ತದೆಂದು ವಿಜಯಶ್ರೀ ತಲೆ ತಗ್ಗಿಸಿದಳು. ಬಂದದ್ದು ಬೈಗುಳವಲ್ಲ. ಕಾಗೆ ಬಿಳಿಯಾದದ್ದನ್ನು ಕಂಡವರ ಹಾಗೆ ಬಸವ್ವ ನಿಜವಾಗಿಯೂ ತಿಳಿಯದೆ ಕೇಳಿದಳು, “ಮೂರು ವರ್ಷ ನೀ ಊಟಾ ಮಾಡೀದಿ? ನೀರು ಕುಡದೀದಿ?”

“ಹೂಂ ರೀ.”

“ಗಂಟಲದಾಗ ಇಳೀತು?”

ಇಳಿದಿತ್ತು. ಚಹಾ ಇಳಿದಿತ್ತು, ಪಿಜ್ಜಾ ಇಳಿದಿತ್ತು, ಹುಟ್ಟುಹಬ್ಬದ ಕೇಕೂ ಇಳಿದಿತ್ತು. ವಿಜಯಶ್ರೀಗೆ ಅಳು ಒತ್ತರಿಸಿ ಬಂತು. ಬಸವ್ವ ಪೂಜೆ ಮಾಡಿದಳು, ತೀರ್ಥ ತೆಗೆದುಕೊಂಡಳು, ನೀರು ಕುಡಿದಳು. ಬಿಳಿ ಗೆರೆಯ ಕಲ್ಲನ್ನು ಎತ್ತಿ ಸೊಸೆಯ ಕೈಗಿಟ್ಟು, “ನಿಂದು ನಿನಗ,” ಅಂದಳು. ಎರಡು ದಿನ ಅಷ್ಟೇ ಮಾತು. ಅಮೃತ ಮಾರ್ಗೀಯ ಕ್ಷಮೆ ಕೇಳಿದ. ಅವನೂ ಯಾಕೋ ಹೆಂಡತಿಯ ಮುಖ ನೋಡಲಿಲ್ಲ. ಗುಡ್ಡ ಇಳಿದು ಅಟ್ಲಾಂಟಾ ಮುಟ್ಟುವವರೆಗೆ ಕಾರಿನಲ್ಲಿ ಮಾತನಾಡಿದ್ದು ದಾರಿ ತೋರಿಸುವ ಫೋನು ಮಾತ್ರ.

ಶ್ರೀಲತಾಳ ಮನೆಯ ದೊಡ್ಡ ಹಾಲಿನಲ್ಲಿ ರಂಗೋಲಿ, ಮಣೆಗಳ ಸಾಲು. ಅಮೂಲ್ಯಾ ಮತ್ತೆ ಇನ್ನಿಬ್ಬರು ಮಕ್ಕಳು ಹೊಸ ಬಟ್ಟೆ ತೊಟ್ಟು ಕಿಸಿಕಿಸಿ ನಗುತ್ತ ಕೂತಿದ್ದರು. ಸುತ್ತ ಜಾರ್ಜಿಯಾ, ಕ್ಯಾರೊಲಿನಾಗಳ ಬಂಧುಬಳಗವೆಲ್ಲ ನೆರೆದಿತ್ತು. ಮುಂದಿನ ಕುರ್ಚಿಯಲ್ಲಿ ಅಣ್ಣಾಸಾಹೇಬ ಕಾಕಾ, ಕುತ್ತಿಗೆಯವರೆಗೆ ಗುಂಡಿ ಹಾಕಿಕೊಂಡು ಕೂತಿದ್ದರು.

“ಸೋದರತ್ತಿ ಬರಬೇಕು,” ಅಂದರು ಅಜ್ಜಾರು.

ವಿಜಯಶ್ರೀ ಹೊಸ ಕರಡಿಗೆ ಹಿಡಿದು ಎದ್ದಳು.

“ತಡೀರಿ ಅಜ್ಜಾರ,” ಬಸವ್ವನ ದನಿ ಹಾಲಿನ ಉದ್ದಕ್ಕೂ ಕೇಳಿತು. “ಕೂಡ್ರಾಕ ಇನ್ನೊಂದು ಮಣಿ ಹಾಕಸ್ರಿ.”

“ಯಾರಿಗೆ ತಾಯಿ?”

“ನನ್ನ ಸೊಸಿಗಿ. ಅಕಿದು ಕಳದೈತಿ. ಮೊದಲ ಅಕಿ ಕೊರಳಿಗೆ ಬೀಳಲಿ, ಆಮ್ಯಾಲ ಅಕಿ ಕೂಸಿನ ಕೊರಳಿಗೆ ಕಟ್ಟಲಿ. ಮಠದಿಂದ ನಾ ಹೆಚ್ಚಿಗಿ ಲಿಂಗ ತಂದೀನಿ.”

ವಿಜಯಶ್ರೀಗೆ ಭೂಮಿ ಬಾಯಿ ತೆರೆಯಬಾರದೇ ಅನಿಸಿತು. ಯಾರೋ ಮಣೆ ತಂದಿಟ್ಟರು. ಐವತ್ತು ದಾಟಿದ ಹೆಂಗಸು ಎಂಟು ವರ್ಷದ ಮಕ್ಕಳ ಸಾಲಿನ ಕೊನೆಗೆ ಹೋಗಿ ಕೂತಳು. ಅಮೂಲ್ಯಾ ಬಗ್ಗಿ ನೋಡಿ, “ಆಂಟಿ, ಯೂ ಟೂ?” ಅಂದಳು.

ಅಷ್ಟರಲ್ಲಿ ಅಮೃತ ಎದ್ದು ನಿಂತ. ಕಿವಿ ಕೆಂಪಾಗಿದ್ದವು.

“ಅವ್ವಾ… ಎರಡು ಹಾಕಸು.”

“ಎರಡ್ಯಾಕೋ?”

ಅವನು ಕೊರಳಿನ ಕರಡಿಗೆ ತೆಗೆದು ತಾಯಿಯ ಕೈಗೆ ಕೊಟ್ಟ. ಬಸವ್ವ ತೆರೆದಳು. ಬಟ್ಟೆಯಲ್ಲಿ ಸುತ್ತಿದ ಒಂದು ಗೋಟಡಿಕೆ. ವಿಜಯಶ್ರೀ ಹೌಹಾರಿ ಗಂಡನನ್ನು ನೋಡಿದಳು. ಇದೇ ಕರಡಿಗೆ ಮುಟ್ಟಿ ಗುಡ್ಡದ ಮೇಲೆ ಆ ಪಾಪದ ಹೆಂಗಸಿನ ಜೇಬು ಬರಿದು ಮಾಡಿಸಿದ ಗಂಡಸು! ಅವನು ಸುಮ್ಮನೆ ಬಂದು ಅವಳ ಪಕ್ಕ ಕೂತ.

“ನೀನೂ ನನಗ ಹೇಳಲಿಲ್ಲ,” ಎಂದು ಪಿಸುಗುಟ್ಟಿದ.

ಆಗ ಕೋಲಿನ ಸದ್ದಾಯಿತು. ಅಣ್ಣಾಸಾಹೇಬ ಕಾಕಾ ಏಳುತ್ತಿದ್ದರು. ಇನ್ನು ಭಾಷಣ ತಪ್ಪಿದ್ದಲ್ಲ, ಎಲ್ಲರ ಎದುರಿಗೆ ಇಬ್ಬರ ಮಾನವೂ ಹೋಯಿತು 
ಎಂದು ವಿಜಯಶ್ರೀ ಕಣ್ಣು ಮುಚ್ಚಿಕೊಂಡಳು. ಕೋಲು ಟಕಟಕ ಎನ್ನುತ್ತ ಹತ್ತಿರ ಬಂದು ಸಾಲಿನ ಕೊನೆಗೆ, ಅಮೃತನ ಪಕ್ಕದಲ್ಲಿ ನಿಂತಿತು. ಅವಳು ಕಣ್ಣು ತೆರೆದಾಗ ಕಾಕಾ ಅಂಗಿಯ ಮೇಲಿನ ಗುಂಡಿ ಬಿಚ್ಚುತ್ತಿದ್ದರು. ಒಳಗೆ ದಾರವೂ ಇಲ್ಲ, ಕರಡಿಗೆಯೂ ಇಲ್ಲ, ಬರಿಯ ಬನಿಯನ್ನಿತ್ತು.

ಬಸವ್ವನ ಕೈಯಲ್ಲಿದ್ದ ಅಡಿಕೆ ನೆಲಕ್ಕೆ ಬಿತ್ತು.

“ವೈನಿ,” ಅಂದರು ಕಾಕಾ ಅತ್ತಿಗೆಗೆ, ಸಣ್ಣ ದನಿಯಲ್ಲಿ. “ನನಗ ಕೆಳಗ ಕೂಡ್ರಾಕ ಆಗಂಗಿಲ್ಲ. ಒಂದು ಕುರ್ಚಿ ಹಾಕಸ್ರಿ.”